"ಇವನಿಗೆ ದೇವರಿಂದಲೂ ರಕ್ಷಣೆ ಇಲ್ಲ" ಅನ್ನುವವರ ನಡುವೆ

ಬೈಬಲಿನ ಮೂರನೆಯ ಕೀರ್ತನೆಯಲ್ಲಿ ಇರುವುದು ಎಂಟೇ ವಚನ. ಅದರಲ್ಲಿ ಎರಡನೆಯದನ್ನು ಓದುವುದು ನನಗೆ ಬಹಳ ದಿನ ಕಷ್ಟವಾಗುತ್ತಿತ್ತು. ವಿರೋಧಿಗಳು ಹೆಚ್ಚಿದ್ದಾರೆ, ತಿರುಗಿಬಿದ್ದವರು ಬಹಳ ಮಂದಿ ಅನ್ನುವ ಮೊದಲನೆಯ ವಚನವನ್ನು ಹೇಗೋ ದಾಟಬಹುದು. ಎಷ್ಟು ಜನ ಬೇಕಾದರೂ ಎದುರು ನಿಲ್ಲಲಿ, ದೇವರು ನನ್ನ ಕಡೆ ಇದ್ದಾನೆ ಅಂದುಕೊಂಡರೆ ಆಯಿತು. ಆದರೆ ಆ ಜನ ಆಡುವ ಮಾತು ಅದನ್ನೇ ಕಿತ್ತುಕೊಳ್ಳುತ್ತದೆ: ಇವನಿಗೆ ದೇವರಿಂದಲೂ ರಕ್ಷಣೆ ಇಲ್ಲ. ಬೈಗುಳವನ್ನು ಮರೆಯಬಹುದು. ಈ ಮಾತು ಮಾತ್ರ ರಾತ್ರಿ ದೀಪ ಆರಿಸಿದ ಮೇಲೂ ಕಿವಿಯಲ್ಲೇ ಇರುತ್ತದೆ.

ನನಗೆ ಈ ಮಾತು ಹೇಳಿದವನು ನನ್ನ ಸ್ವಂತ ಅಣ್ಣ.

ನಾನು ದೀಕ್ಷಾಸ್ನಾನ ಪಡೆದಾಗ ನಮ್ಮ ಮನೆಯಲ್ಲಿ ಕ್ರಿಸ್ತನನ್ನು ನಂಬಿದವಳು ನಾನೊಬ್ಬಳೇ. ಯಾರೂ ಒತ್ತಾಯ ಮಾಡಿರಲಿಲ್ಲ, ಯಾರೂ ಯಾವ ಆಸೆಯನ್ನೂ ತೋರಿಸಿರಲಿಲ್ಲ. ಲೂಕನ ಸುವಾರ್ತೆ ಓದುತ್ತಾ ಓದುತ್ತಾ, ಇನ್ನು ಯೇಸುವನ್ನು ಬಿಟ್ಟು ಇರಲಾರೆ ಅನ್ನುವ ಕಡೆ ಬಂದು ನಿಂತಿದ್ದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು, ಫೀಸು ಕಟ್ಟಿದ್ದು, ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದು ಅಣ್ಣ. ಹಾಗಾಗಿ ಅವನ ಸಿಟ್ಟಿನ ಕೆಳಗೆ ದೊಡ್ಡ ನೋವಿತ್ತು ಅಂತ ನನಗೆ ಆಗಲೇ ಗೊತ್ತಿತ್ತು. "ನಾಲ್ಕು ಜನರ ಮುಂದೆ ತಲೆ ಎತ್ತದ ಹಾಗೆ ಮಾಡಿದೆ" ಅಂದ. ಆಮೇಲೆ ಮಾತು ಬಿಟ್ಟ. ಕುಟುಂಬದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು. ಅಮ್ಮ ಫೋನ್ ಮಾಡಿದರೆ ದನಿ ತಗ್ಗಿಸಿ ಮಾತಾಡುತ್ತಿದ್ದಳು. ಆ ಕಡೆ ಬಾಗಿಲ ಸದ್ದಾದರೆ ಅರ್ಧ ಮಾತಿನಲ್ಲೇ ಫೋನ್ ಇಟ್ಟುಬಿಡುತ್ತಿದ್ದಳು.

ಅದೇ ವರ್ಷ ನನ್ನ ಕೆಲಸ ಹೋಯಿತು. ನಾನಿದ್ದ ವಿಭಾಗವನ್ನೇ ಮುಚ್ಚಿದರು, ನನ್ನ ನಂಬಿಕೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಸುದ್ದಿ ಮನೆಗೆ ತಲುಪಿತು. ತಿಂಗಳುಗಟ್ಟಲೆ ಮೌನವಾಗಿದ್ದ ಅಣ್ಣನಿಂದ ಒಂದು ಮೆಸೇಜ್ ಬಂತು: "ಈಗ ನಿನ್ನ ಯೇಸು ಬಂದು ಕಾಪಾಡ್ತಾನಾ, ನೋಡೋಣ."

ಅದನ್ನು ಓದಿದಾಗ ಎದೆ ಝಲ್ಲೆಂದಿತು. ಇದನ್ನು ಮೊದಲು ಎಲ್ಲೋ ಓದಿದ್ದೇನೆ ಅನ್ನಿಸಿತು. ಮತ್ತಾಯನ 27ನೇ ಅಧ್ಯಾಯದ 43ನೇ ವಚನದಲ್ಲಿ, ಶಿಲುಬೆಯ ಕೆಳಗೆ ನಿಂತ ಧಾರ್ಮಿಕ ಮುಖಂಡರು ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಇವನು ದೇವರನ್ನು ನೆಚ್ಚಿಕೊಂಡಿದ್ದಾನಲ್ಲ, ದೇವರಿಗೆ ಇವನು ಬೇಕಾಗಿದ್ದರೆ ಈಗ ಬಿಡಿಸಲಿ. ಅದು 22ನೇ ಕೀರ್ತನೆಯಲ್ಲಿ ಇರುವ ಮಾತೇ. ಕೀರ್ತನೆ ಬರೆದ ರಾಜ ದಾವೀದನ ಕಿವಿಗೆ ಬಿದ್ದದ್ದು, ಯೇಸುವಿನ ಕಿವಿಗೆ ಬಿದ್ದದ್ದು, ಈಗ ನನ್ನ ಫೋನಿಗೆ ಬಂದಿತ್ತು. ಆ ಸಾಲಿನಲ್ಲಿ ನಿಲ್ಲುವುದು ಗೌರವ ಅಂತ ಯಾರಾದರೂ ಹೇಳಬಹುದು. ಆ ರಾತ್ರಿ ನನಗೆ ಗೌರವ ಏನೂ ಅನ್ನಿಸಲಿಲ್ಲ, ಭಯವೇ ಆಯಿತು. ಏಕೆಂದರೆ ಯೇಸು ಶಿಲುಬೆಯಿಂದ ಇಳಿಯಲಿಲ್ಲ.

ಆಗ ಮೂರನೆಯ ಕೀರ್ತನೆಗೆ ಮತ್ತೆ ಬಂದೆ. ಈ ಸಾರಿ ಅದರ ತಲೆಬರಹವನ್ನು ಗಮನಿಸಿ ಓದಿದೆ: ದಾವೀದನು ತನ್ನ ಮಗನಾದ ಅಬ್ಷಾಲೋಮನಿಂದ ಓಡಿಹೋದಾಗ ರಚಿಸಿದ ಕೀರ್ತನೆ. ಮಗನಾದ. ಅಲ್ಲಿಯವರೆಗೂ ನಾನು "ವಿರೋಧಿಗಳು" ಅಂದಾಗಲೆಲ್ಲ ಎಲ್ಲೋ ದೂರದ ಗಡಿಯಾಚೆಯ ಸೈನ್ಯವನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಈ ಕೀರ್ತನೆಯ ವಿರೋಧಿ, ದಾವೀದ ಎತ್ತಿ ಆಡಿಸಿದ ಹುಡುಗ. ಮನೆಯವರೇ ಎದುರು ನಿಂತಾಗ ಪ್ರಾರ್ಥಿಸುವುದಕ್ಕೆ ಬೈಬಲಿನಲ್ಲಿ ಒಂದು ಕೀರ್ತನೆ ಇದೆ ಅಂತ ಆ ದಿನ ನನಗೆ ತಿಳಿಯಿತು.

ಇದರ ಹಿಂದಿನ ಕಥೆ ಎರಡನೆಯ ಸಮುವೇಲನ 15ನೇ ಅಧ್ಯಾಯದಿಂದ 19ರವರೆಗೆ ಇದೆ. ಪುರುಸೊತ್ತು ಮಾಡಿಕೊಂಡು ಒಂದೇ ಪಟ್ಟಿನಲ್ಲಿ ಓದಿ. ಅಬ್ಷಾಲೋಮ ಊರಬಾಗಿಲಲ್ಲಿ ನಿಂತು ನ್ಯಾಯಕ್ಕಾಗಿ ಬಂದವರನ್ನು ಒಬ್ಬೊಬ್ಬರನ್ನಾಗಿ ಮಾತಿನಲ್ಲಿ ಒಲಿಸಿಕೊಳ್ಳುತ್ತಾನೆ. ಜನರ ಮನಸ್ಸೆಲ್ಲ ಅವನ ಕಡೆ ವಾಲುತ್ತದೆ. ದಾವೀದನ ಆಪ್ತ ಮಂತ್ರಿ ಅಹೀತೋಫೆಲನೂ ಅವನ ಪಕ್ಷ ಸೇರುತ್ತಾನೆ. ರಾಜ ತಲೆಗೆ ಮುಸುಕು ಹಾಕಿಕೊಂಡು, ಬರಿಗಾಲಲ್ಲಿ, ಅಳುತ್ತಾ ಎಣ್ಣೆಮರಗಳ ಗುಡ್ಡ ಹತ್ತುತ್ತಾನೆ.

ದಾವೀದನ ಮೇಲೆ ಬಿದ್ದ ಆ ಮಾತಿಗೆ ಇನ್ನೊಂದು ಮೊನೆಯೂ ಇತ್ತು. ಬತ್ಷೆಬೆಯ ವಿಷಯದಲ್ಲಿ, ಅವಳ ಗಂಡ ಊರೀಯನನ್ನು ಕೊಲ್ಲಿಸಿದ ವಿಷಯದಲ್ಲಿ ಅವನು ಮಾಡಿದ ಪಾಪಕ್ಕೆ, ನಿನ್ನ ಮನೆಯೊಳಗಿಂದಲೇ ನಿನಗೆ ಕೇಡು ಬರುತ್ತದೆ ಎಂದು ಪ್ರವಾದಿ ನಾತಾನ ಮೊದಲೇ ಹೇಳಿದ್ದ. ಆದ್ದರಿಂದ "ದೇವರು ಇವನನ್ನು ಕೈಬಿಟ್ಟಿದ್ದಾನೆ" ಅಂತ ಜನ ಅಂದಾಗ ದಾವೀದನ ಒಳಗೇ ಒಂದು ದನಿ ಹೌದು ಅಂದಿರಲಿಕ್ಕೆ ಸಾಕು. ವಿರೋಧ ನಮ್ಮನ್ನು ಬೀಳಿಸುವುದು ಹೆಚ್ಚಾಗಿ ಈ ಬಾಗಿಲಿಂದಲೇ ಅಂತ ನನ್ನ ಎಣಿಕೆ. ಹೊರಗಿನವರು ಒಂದು ಮಾತು ಅನ್ನುತ್ತಾರೆ, ಒಳಗಿನ ತಪ್ಪಿತಸ್ಥ ಭಾವನೆ ಅದಕ್ಕೆ ಸಾಕ್ಷಿ ಹೇಳುತ್ತದೆ. ನನ್ನ ರಕ್ಷಣೆ ನನ್ನ ಯೋಗ್ಯತೆಯ ಮೇಲೆ ನಿಂತಿದ್ದರೆ ಆ ಸಾಕ್ಷಿಯ ಮುಂದೆ ಕೇಸು ಅಲ್ಲಿಗೇ ಮುಗಿದುಹೋಗುತ್ತಿತ್ತು. ದೇವರು ಆರಿಸಿಕೊಂಡವರ ಮೇಲೆ ತಪ್ಪು ಹೊರಿಸುವವರು ಯಾರು ಎಂದು ರೋಮಾಪುರದವರಿಗೆ ಬರೆಯುವಾಗ ಪೌಲ ತನ್ನ ಒಳ್ಳೆಯತನದ ಪಟ್ಟಿ ಕೊಡುವುದಿಲ್ಲ. ಸತ್ತು ಎದ್ದು ನಮಗಾಗಿ ಬೇಡಿಕೊಳ್ಳುತ್ತಿರುವ ಕ್ರಿಸ್ತನನ್ನು ತೋರಿಸುತ್ತಾನೆ. ದಾವೀದನ ಬಳಿಯೂ ಅಷ್ಟೇ ಇತ್ತು. "ಆದರೂ ನೀನು ನನ್ನನ್ನು ಕಾಯುವ ಗುರಾಣಿ, ನನ್ನ ತಲೆಯನ್ನು ಎತ್ತುವವನು" ಅನ್ನುತ್ತಾನೆ. ಮುಸುಕು ಹಾಕಿ ತಗ್ಗಿಸಿದ ತಲೆಯ ಬಗ್ಗೆ ಅವನು ಹೇಳುತ್ತಿರುವುದು. ನನ್ನಿಂದಾಗಿ ತಲೆ ಎತ್ತಲಾಗದೆ ಹೋಯಿತು ಅಂದ ಅಣ್ಣನ ನೋವೂ ನನಗೆ ಆ ವಚನದಲ್ಲೇ ಕಾಣುತ್ತದೆ. ಅವನ ತಲೆ ಎತ್ತಿಸುವ ಶಕ್ತಿ ನನಗಿಲ್ಲ. ಎತ್ತುವವನ ಬಳಿ ಕೇಳಬಲ್ಲೆ.

ಐದನೆಯ ವಚನದಲ್ಲಿ ಅವನು ನಿದ್ದೆ ಮಾಡುತ್ತಾನೆ. ಮಲಗಿದೆ, ನಿದ್ದೆ ಬಂತು, ಎದ್ದೆ, ಯೆಹೋವನು ನನ್ನನ್ನು ಕಾಪಾಡುತ್ತಿದ್ದಾನೆ. ಇಷ್ಟು ಸಾದಾ ವಾಕ್ಯ ಆ ಜಾಗದಲ್ಲಿ ಇರುವುದೇ ಆಶ್ಚರ್ಯ. ಅವನಿಗೆ ತಿಳಿಯದೆಯೇ ಅತ್ತ ಅರಮನೆಯಲ್ಲಿ ಒಂದು ವಾದ ನಡೆದಿತ್ತು. ಹನ್ನೆರಡು ಸಾವಿರ ಜನರನ್ನು ಕೊಡಿ, ಈ ರಾತ್ರಿಯೇ ಹೊರಟು ದಣಿದಿರುವ ದಾವೀದನನ್ನು ಹೊಡೆಯುತ್ತೇನೆ ಎಂದು ಅಹೀತೋಫೆಲ ಹೇಳಿದ. ಯುದ್ಧದ ಲೆಕ್ಕದಲ್ಲಿ ಅದೇ ಸರಿಯಾದ ಸಲಹೆ. ಹೂಷೈ ಎಂಬ ಇನ್ನೊಬ್ಬ ಹಿರಿಯ, ಇಸ್ರಾಯೇಲನ್ನೆಲ್ಲ ಒಟ್ಟುಗೂಡಿಸುವ ತನಕ ಕಾಯಿರಿ ಎಂದ. ಅಬ್ಷಾಲೋಮ ಹೂಷೈಯ ಮಾತು ಕೇಳಿದ. ಈ ಹೂಷೈ ಎಲ್ಲಿಂದ ಬಂದ? ಗುಡ್ಡ ಹತ್ತುವಾಗ ದಾವೀದ ಒಂದೇ ಸಾಲಿನ ಪ್ರಾರ್ಥನೆ ಮಾಡಿದ್ದ, ಅಹೀತೋಫೆಲನ ಆಲೋಚನೆಯನ್ನು ಹುಚ್ಚುತನ ಮಾಡು ಅಂತ. ಗುಡ್ಡದ ತುದಿ ಮುಟ್ಟುವಾಗ ಅಂಗಿ ಹರಿದುಕೊಂಡು, ತಲೆಯ ಮೇಲೆ ಮಣ್ಣು ಹಾಕಿಕೊಂಡು ಹೂಷೈ ಎದುರಿಗೆ ನಿಂತಿದ್ದ. ಅಹೀತೋಫೆಲನ ಸಲಹೆ ಕೆಡಿಸಲು ದಾವೀದನೇ ಅವನನ್ನು ಅಬ್ಷಾಲೋಮನ ಬಳಿಗೆ ಕಳಿಸಿದ. ದೇವರ ಉತ್ತರ ಅಷ್ಟು ಮಣ್ಣಾಗಿ, ಅಷ್ಟು ದುಃಖದಲ್ಲಿ ಬರಬಹುದು ಅಂತ ಯಾರು ಎಣಿಸಿಯಾರು?

ನನಗೂ ಉತ್ತರ ಹಾಗೇ ಬಂತು. ಆಕಾಶ ತೆರೆಯಲಿಲ್ಲ. ಸಭೆಯ ಒಬ್ಬ ಹಿರಿಯ ಅಕ್ಕ, ತಮ್ಮದೇ ಮನೆಯಲ್ಲಿ ನೂರೆಂಟು ಕಷ್ಟ ಇದ್ದವರು, ಸಂಜೆ ಬಂದು ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದರು. ಬುದ್ಧಿ ಹೇಳಲಿಲ್ಲ. ಎರಡು ತಿಂಗಳ ಬಾಡಿಗೆ ಅವರೇ ಕಟ್ಟಿದರು ಅಂತ ಮನೆಯ ಮಾಲೀಕರಿಂದ ಆಮೇಲೆ ಗೊತ್ತಾಯಿತು. ಕೊನೆಗೆ ಸಿಕ್ಕಿದ ಕೆಲಸ ಮೊದಲಿನದಕ್ಕಿಂತ ಚಿಕ್ಕದು, ಸಂಬಳವೂ ಕಡಿಮೆ. ಅದನ್ನು "ನೋಡು, ನನ್ನ ದೇವರು ಕಾಪಾಡಿದ" ಅಂತ ಅಣ್ಣನಿಗೆ ತೋರಿಸುವ ಹಾಗೇನೂ ಇರಲಿಲ್ಲ. ಅಣ್ಣನ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ನನ್ನದಲ್ಲ ಅಂತ ನಿಧಾನವಾಗಿ ಅರ್ಥವಾಗತೊಡಗಿತು.

ಇಲ್ಲಿ ಒಂದು ಕಷ್ಟದ ಮಾತನ್ನು ಹೇಳಲೇಬೇಕು. ನಂಬಿದವರನ್ನೆಲ್ಲ ದೇವರು ಒಂದೇ ರೀತಿ ಬಿಡಿಸುವುದಿಲ್ಲ. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ಇದನ್ನು ಮುಚ್ಚುಮರೆ ಇಲ್ಲದೆ ಇಟ್ಟಿದೆ. ಹೆರೋದ ರಾಜ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅದೇ ಹೆರೋದ ಪೇತ್ರನನ್ನೂ ಹಿಡಿದು, ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡಗಳ ಕಾವಲಲ್ಲಿ ಇಟ್ಟ. ಪೇತ್ರನನ್ನು ದೇವದೂತ ಬಿಡಿಸಿದ. ಯಾಕೋಬನನ್ನು ಬಿಡಿಸಲಿಲ್ಲ. ಇಬ್ಬರೂ ಯೇಸುವಿನ ಆಪ್ತ ಶಿಷ್ಯರೇ, ಅವನ ಜೊತೆ ರೂಪಾಂತರದ ಬೆಟ್ಟ ಹತ್ತಿದವರೇ. ಏಕೆ ಹೀಗೆ ಅಂತ ಈ ಪುಸ್ತಕ ಬರೆದ ಲೂಕ ಒಂದು ಪದವನ್ನೂ ಬರೆಯುವುದಿಲ್ಲ. ನಾನೂ ಕಾರಣ ಕಟ್ಟಲು ಹೋಗುವುದಿಲ್ಲ. ಆದರೆ ಬಿಡುಗಡೆಯ ಹಿಂದಿನ ರಾತ್ರಿ ಪೇತ್ರ ಹೇಗಿದ್ದ ಅನ್ನುವುದನ್ನು ಲೂಕ ಬರೆಯುತ್ತಾನೆ: ಎರಡು ಸರಪಣಿ, ಎರಡು ಪಕ್ಕದಲ್ಲಿ ಸಿಪಾಯಿಗಳು, ನಡುವೆ ಗಾಢ ನಿದ್ದೆ. ಬೆಳಕು ಬಂದರೂ ಅವನಿಗೆ ಎಚ್ಚರವಾಗಲಿಲ್ಲ, ದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಬಿಡುಗಡೆ ಆಗುತ್ತದೆ ಅಂತ ಗೊತ್ತಿದ್ದು ಬಂದ ನಿದ್ದೆಯಲ್ಲ ಅದು. ಯಾಕೋಬನ ಗತಿ ಅವನು ಕಂಡಿದ್ದ. ಯಾವ ಕಡೆಗೆ ಬಾಗಿಲು ತೆರೆದರೂ ಆಚೆ ಯೇಸು ಇದ್ದಾನೆ ಅನ್ನುವವನಿಗೆ ಮಾತ್ರ ಅಂಥ ನಿದ್ದೆ ಬಂದೀತು.

ಹಿಟ್ಲರನನ್ನು ವಿರೋಧಿಸಿದ ಜರ್ಮನಿಯ ಪಾದ್ರಿ ಡೀಟ್ರಿಖ್ ಬೋನ್ಹಾಫರ್ ಅವರನ್ನು 1945ರ ಏಪ್ರಿಲ್ 9ರಂದು ನಾಜಿಗಳ ಫ್ಲೋಸನ್‌ಬುರ್ಗ್ ಸೆರೆಶಿಬಿರದಲ್ಲಿ ಗಲ್ಲಿಗೇರಿಸಿದರು. ಅದೇ ತಿಂಗಳ 23ರಂದು ಅಮೆರಿಕದ ಸೈನಿಕರು ಆ ಶಿಬಿರಕ್ಕೆ ಬಂದು ಉಳಿದವರನ್ನು ಬಿಡಿಸಿದರು. ಎರಡು ವಾರ. ಈ ದಿನಾಂಕಗಳನ್ನು ಮೊದಲ ಸಲ ಓದಿದಾಗ ನನಗೆ ದೇವರ ಮೇಲೆ ಸಿಟ್ಟೇ ಬಂದಿತ್ತು. ಈಗಲೂ ಇದಕ್ಕೆ ಸಮಾಧಾನ ಹೇಳುವ ಮಾತು ನನ್ನಲ್ಲಿಲ್ಲ. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದ ಒಂದು ವಚನವನ್ನು ಮಾತ್ರ ಇದರ ಪಕ್ಕ ಇಟ್ಟುಕೊಳ್ಳುತ್ತೇನೆ. ತನ್ನನ್ನು ಮರಣದಿಂದ ಬಿಡಿಸಬಲ್ಲವನಿಗೆ ಯೇಸು ಗಟ್ಟಿಯಾಗಿ ಕೂಗಿ, ಕಣ್ಣೀರಿಟ್ಟು ಪ್ರಾರ್ಥಿಸಿದ, ಆ ಪ್ರಾರ್ಥನೆ ಕೇಳಲ್ಪಟ್ಟಿತು ಅಂತ ಅಲ್ಲಿದೆ. ಕೇಳಲ್ಪಟ್ಟಿತು. ಆದರೂ ಯೇಸು ಸತ್ತ. ಹಾಗಾದರೆ ದೇವರು ಕೊಟ್ಟ ಬಿಡುಗಡೆ ಸಾವಿನ ಈಚೆ ಕಡೆ ನಿಲ್ಲಲಿಲ್ಲ, ಸಾವಿನೊಳಕ್ಕೇ ಹೋಗಿ ಆಚೆ ಹೊರಬಂತು. ಶಿಲುಬೆಯಿಂದ ಇಳಿದು ತೋರಿಸು ಅಂದವರಿಗೆ ಸಿಕ್ಕ ಉತ್ತರ ಮೂರನೆಯ ದಿನದ ಖಾಲಿ ಸಮಾಧಿ. ನನ್ನ ಭರವಸೆ ನಿಂತಿರುವುದು ಅಲ್ಲಿ. ಕೆಲಸ ಸಿಕ್ಕಿದ್ದರ ಮೇಲೆ ನಿಂತಿದ್ದರೆ ಮುಂದಿನ ಸಲ ಕೆಲಸ ಹೋದಾಗ ಅದೂ ಹೋಗುತ್ತಿತ್ತು.

ಪೌಲ ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ಇದೇ ಸ್ವರ ಕೇಳುತ್ತದೆ. ನಾನು ಹೊರಡುವ ಸಮಯ ಬಂದಿದೆ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಕರ್ತನು ನನ್ನನ್ನು ಎಲ್ಲ ಕೇಡಿನಿಂದ ಬಿಡಿಸಿ ತನ್ನ ರಾಜ್ಯಕ್ಕೆ ಸೇರಿಸುತ್ತಾನೆ ಅಂತಲೂ ಅನ್ನುತ್ತಾನೆ. ನಡುವೆ, ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ ಅಂತ ಹೇಳಿಕಳಿಸುತ್ತಾನೆ. ಸಾವಿಗೆ ಸಿದ್ಧನಾದ ಮನುಷ್ಯನಿಗೆ ಚಳಿಯೂ ಆಗುತ್ತಿತ್ತು, ಓದಲೂ ಬೇಕಿತ್ತು. ಆ ಮೇಲಂಗಿಯ ಸಾಲು ನನಗೆ ತುಂಬ ಇಷ್ಟ. ದೇವರನ್ನು ನಂಬಿದವರು ಚಳಿಯನ್ನು ಬಾಯಿಬಿಟ್ಟು ಹೇಳಬಾರದು ಅಂತ ಎಲ್ಲೂ ಬರೆದಿಲ್ಲ.

ಇನ್ನು ಏಳನೆಯ ವಚನ. ನನ್ನ ವೈರಿಗಳ ಕೆನ್ನೆಗೆ ಹೊಡೆಯುತ್ತೀ, ಹಲ್ಲು ಮುರಿಯುತ್ತೀ. ಕೇಳಿದರೆ ಎದೆ ಒಂದು ಕ್ಷಣ ನಿಲ್ಲುತ್ತದೆ, ಏಕೆಂದರೆ ಈ ವೈರಿಗಳಲ್ಲಿ ಮೊದಲನೆಯವನು ಅವನ ಮಗ. ನಾನು ಈ ವಚನ ಓದುವಾಗ ಅಣ್ಣನ ಮುಖ ನೆನಪಿಗೆ ತಂದುಕೊಳ್ಳಲೇ? ಸಾಧ್ಯವಿಲ್ಲ. ದಾವೀದನಿಂದಲೂ ಆಗಲಿಲ್ಲ. ಯುದ್ಧಕ್ಕೆ ಹೊರಟ ದಂಡಿಗೆ ಅವನು ಕೊಟ್ಟ ಅಪ್ಪಣೆ, ನನಗಾಗಿ ಹುಡುಗನಾದ ಅಬ್ಷಾಲೋಮನಿಗೆ ದಯೆ ತೋರಿಸಿ ಅಂತ. ಸೇನಾಪತಿ ಯೋವಾಬ ಆ ಮಾತು ಮೀರಿ ಅವನನ್ನು ಕೊಂದ. ದಾವೀದನಿಗೆ ರಾಜ್ಯ ಮರಳಿತು, ಅವನು ಬಾಗಿಲ ಮೇಲಣ ಕೋಣೆಗೆ ಹೋಗಿ, ನಿನಗೆ ಬದಲಾಗಿ ನಾನೇ ಸತ್ತಿದ್ದರೆ ಒಳ್ಳೆಯದಿತ್ತು ಮಗನೇ ಎಂದು ಅತ್ತ. ಗೆದ್ದ ಸೈನಿಕರು ಸೋತವರಂತೆ ಕದ್ದು ಊರೊಳಕ್ಕೆ ಬಂದರು ಅಂತ ಬರೆದಿದೆ. ಅಣ್ಣನ ವಿರುದ್ಧ ಅಂಥ ಗೆಲುವು ನನಗೆ ಬೇಡ. ಹಲ್ಲು ಮುರಿಯಬೇಕಾದದ್ದು ನಮ್ಮಿಬ್ಬರ ನಡುವೆ ಬಾಯಿ ತೆರೆದು ನಿಂತಿರುವ ಆ ಹಗೆಗೆ. ನ್ಯಾಯ ತೀರಿಸುವುದನ್ನು ದೇವರಿಗೆ ಬಿಡಿ ಅಂತ ಪೌಲ ಹೇಳಿದ್ದು ನನ್ನ ಪಾಲಿಗೆ ದೊಡ್ಡ ಬಿಡುಗಡೆ.

ಎಂಟನೆಯ ವಚನದಲ್ಲಿ ಕೀರ್ತನೆ ಮುಗಿಯುತ್ತದೆ: ರಕ್ಷಣೆ ಯೆಹೋವನದು, ನಿನ್ನ ಜನರ ಮೇಲೆ ನಿನ್ನ ಆಶೀರ್ವಾದ ಇರಲಿ. ನಿನ್ನ ಜನ ಅಂದರೆ ಯಾರು? ಆ ಹೊತ್ತಿನಲ್ಲಿ ಆ ಜನರ ಮನಸ್ಸು ಅಬ್ಷಾಲೋಮನ ಕಡೆ ಇತ್ತು. "ಇವನಿಗೆ ರಕ್ಷಣೆ ಇಲ್ಲ" ಅಂದ ಬಹು ಮಂದಿ ಆ ಜನರೊಳಗಿನವರೇ. ದಾವೀದ ಆಶೀರ್ವಾದ ಕೇಳಿದ್ದು ಅವರ ಮೇಲೆ. ರಕ್ಷಣೆ ತನ್ನದಲ್ಲ, ದೇವರದು ಎಂದು ಒಪ್ಪಿದ ಮೇಲೆ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂದು ಹೇಳುವ ಹಕ್ಕನ್ನೂ ಅವನು ಬಿಟ್ಟುಕೊಟ್ಟ.

ಕಥೆಯಲ್ಲಿ ಬಹುರೀಮ್ ಎಂಬ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ, ಆ ಊರಿನ ಶಿಮ್ಮಿ ಹೊರಗೆ ಬಂದು ದಾವೀದನನ್ನು ಶಪಿಸುತ್ತಾ, ಕಲ್ಲು ಎಸೆಯುತ್ತಾ, ಮಣ್ಣು ತೂರುತ್ತಾ ಗುಡ್ಡದ ಪಕ್ಕದಲ್ಲೇ ನಡೆದುಬರುತ್ತಾನೆ. ಎರಡನೆಯ ಸಲ, ದಾವೀದನಿಗೆ ಸುದ್ದಿ ಒಯ್ಯುತ್ತಿದ್ದ ಇಬ್ಬರು ಯುವಕರು ಅದೇ ಊರಿನ ಒಂದು ಮನೆಯ ಅಂಗಳದ ಬಾವಿಗೆ ಇಳಿದು ಅಡಗುತ್ತಾರೆ. ಹೆಸರೇ ಬರೆಯದ ಒಬ್ಬ ಹೆಂಗಸು ಬಾವಿಯ ಬಾಯಿಗೆ ಹೊದಿಕೆ ಹಾಸಿ, ಮೇಲೆ ಕಾಳು ಹರಡುತ್ತಾಳೆ. ಹುಡುಕಿಕೊಂಡು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಸುದ್ದಿ ತಲುಪುತ್ತದೆ, ದಾವೀದ ಬೆಳಗಾಗುವುದರೊಳಗೆ ಯೊರ್ದನ್ ಹೊಳೆ ದಾಟುತ್ತಾನೆ. ಕಲ್ಲು ಬಂದ ಊರಿನಿಂದಲೇ ಕಾಪಾಡುವ ಕೈಯೂ ಬಂತು. ಒಂದು ಮನೆಯನ್ನು, ಒಂದು ಮನೆತನವನ್ನು "ಇವರೆಲ್ಲ ಹೀಗೇ" ಅಂತ ಬರೆದುಬಿಡಲು ನನಗೆ ಆಮೇಲೆ ಮನಸ್ಸು ಬಂದಿಲ್ಲ.

ಅಮ್ಮನಿಗೆ ದೊಡ್ಡ ಆಪರೇಷನ್ ಆದಾಗ ಅಣ್ಣ ಮತ್ತು ನಾನು ಆಸ್ಪತ್ರೆಯ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ನಡುವೆ ಅಮ್ಮನ ಚೀಲ. ನಡುರಾತ್ರಿ ದಾಟಿದ ಮೇಲೆ ಅವನು ನನ್ನ ಕಡೆ ನೋಡದೆಯೇ ಕೇಳಿದ, "ಪ್ರಾರ್ಥನೆ ಮಾಡ್ತಿದ್ದೀಯಾ?" "ಹೌದಣ್ಣ" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಮಾಡು" ಅಂದ. ಅಷ್ಟೇ. ಅಮ್ಮ ಮನೆಗೆ ಬಂದ ಮೇಲೆ ಅವನು ಮತ್ತೆ ಮೊದಲಿನ ಹಾಗೇ. ವಾಟ್ಸಾಪ್ ಗುಂಪಿಗೆ ಈಗಲೂ ನನ್ನನ್ನು ಸೇರಿಸಿಲ್ಲ. ನನಗೆ ಇದರಿಂದ ಬೇಸರವಿಲ್ಲ ಅಂದರೆ ಸುಳ್ಳಾಗುತ್ತದೆ.

ನಿಮ್ಮ ಮನೆಯಲ್ಲೂ ಹೀಗಿದ್ದರೆ ಎರಡು ಮಾತು. ಮನೆಯವರ ಎಲ್ಲ ಸಿಟ್ಟನ್ನೂ ಹಿಂಸೆ ಅಂತ ಕರೆಯಬೇಡಿ. ಕ್ರಿಸ್ತನಿಗಾಗಿ ಬಂದದ್ದು ಯಾವುದು, ನಮ್ಮ ಒರಟುತನಕ್ಕೆ ಬಂದದ್ದು ಯಾವುದು ಎಂದು ನೋಡಿಕೊಳ್ಳಿ ಅಂತ ಪೇತ್ರನೇ ತನ್ನ ಪತ್ರದಲ್ಲಿ ಎಚ್ಚರಿಸುತ್ತಾನೆ. ಕೈ ಎತ್ತುವವರೆಗೆ, ಕೂಡಿಹಾಕುವವರೆಗೆ ಹೋದರೆ ಮಾತ್ರ ಒಬ್ಬರೇ ಸಹಿಸಿಕೊಂಡು ಕೂರಬೇಡಿ. ನಂಬಿಕೆಯಿರುವ ಯಾರಿಗಾದರೂ ಹೇಳಿ, ಸುರಕ್ಷಿತ ಜಾಗಕ್ಕೆ ಹೋಗಿ, ಕಾನೂನಿನ ಸಹಾಯ ಕೇಳಿ. ದಾವೀದನೂ ಅರಮನೆಯಲ್ಲೇ ಕೂತು ಭರವಸೆ ಇಡಲಿಲ್ಲ, ಎದ್ದು ಓಡಿದ. ಓಡುತ್ತಲೇ ನಂಬಿದ.

ಅಣ್ಣನ ಹೆಸರು ನನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಮೊದಲ ಸಾಲಿನಲ್ಲೇ ಇದೆ. ಯೇಸು ಅವನಿಗೂ ಕಾಣಿಸಲಿ ಅಂತ ಕೇಳುತ್ತೇನೆ, ಅದನ್ನು ಬಚ್ಚಿಡುವುದಿಲ್ಲ. ಅದರ ಜೊತೆಗೇ ಅವನ ಮೊಣಕಾಲು ನೋವು ವಾಸಿಯಾಗಲಿ, ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವನ ಸಾಲ ಬೇಗ ತೀರಲಿ ಅಂತಲೂ ಕೇಳುತ್ತೇನೆ. ಸಾಲದ ವಿಷಯ ಅಮ್ಮ ಹೇಳಿದ್ದು. ನನಗೆ ಗೊತ್ತಿದೆ ಅಂತ ಅವನಿಗೆ ಗೊತ್ತಿಲ್ಲ.